ಬರಿನೆಲದ ಮೇಲಿನ ಕೂಸು

ಕೂಸು ಬರಿನೆಲದ ಮೇಲೆ ಮಲಗಿದೆ. ಕೆಳಗೆ ಹಾಸಿಗೆಯಿಲ್ಲ, ಮೈಮೇಲೆ ಬಟ್ಟೆಯಿಲ್ಲ, ತಲೆಯಡಿ ಒಂದು ಹಿಡಿ ಹುಲ್ಲೂ ಇಲ್ಲ. ಅದರ ಮೈಯಿಂದ ಹೊರಟ ತೆಳು ಹೊನ್ನಿನ ಗೆರೆಗಳು ಸುತ್ತಲಿನ ಮಣ್ಣಿನ ಮೇಲೆ ಚೆಲ್ಲಿವೆ. ಕೈಕಾಲು ಸಣಕಲು. ದೇವರ ಮಗುವೆಂದು ತುಂಬಿದ ಕೆನ್ನೆ, ಗುಂಗುರು ಕೂದಲು ಕೊಟ್ಟು ಚೆಂದಗಾಣಿಸುವ ಪ್ರಯತ್ನವನ್ನೇ ಕಲಾವಿದ ಮಾಡಿಲ್ಲ. ಈಗಷ್ಟೇ ಹುಟ್ಟಿದ, ಚಳಿಯ ಪರಿಚಯ ಈಗಷ್ಟೇ ಆಗುತ್ತಿರುವ ಒಂದು ಜೀವ ಅದು. ಸುತ್ತ ಒಂದಿಷ್ಟು ನೆಲವನ್ನು ಖಾಲಿ ಬಿಟ್ಟು, ಆ ಖಾಲಿ ನೆಲದ ಅಂಚಿಗೆ ತಾಯಿ, ಜೋಸೆಫ್, ದೇವದೂತರು, ಕುರಿ ಕಾಯುವವರು ಎಲ್ಲರೂ ನೆರೆದಿದ್ದಾರೆ. ಇಷ್ಟು ಜನ ಸುತ್ತ ಇದ್ದೂ ಒಬ್ಬರ ಕೈಯೂ ಮಗುವನ್ನು ಮುಟ್ಟಿಲ್ಲ.

ಇದು ಹ್ಯೂಗೊ ವ್ಯಾನ್ ಡೆರ್ ಗೋಸ್ ಎಂಬ ಫ್ಲೆಮಿಶ್ ಕಲಾವಿದ 1475ರ ಆಸುಪಾಸಿನಲ್ಲಿ ಮರದ ಹಲಗೆಗಳ ಮೇಲೆ ಎಣ್ಣೆಬಣ್ಣದಲ್ಲಿ ಬಿಡಿಸಿದ ಕ್ರಿಸ್ತಜನನದ ಚಿತ್ರ. ಬಲಿಪೀಠದ ಮೇಲೆ ನಿಲ್ಲಿಸಲೆಂದು ಮಾಡಿದ್ದು. ನಡುವಿನ ದೊಡ್ಡ ಹಲಗೆಗೆ ಎರಡು ಪಕ್ಕದಲ್ಲೂ ಬಾಗಿಲಿನಂತೆ ಮುಚ್ಚಿ ತೆರೆಯುವ ಹಲಗೆಗಳಿವೆ. ಎತ್ತರ ಎರಡೂವರೆ ಮೀಟರ್. ಬಾಗಿಲು ತೆರೆದಿಟ್ಟರೆ ಅಗಲ ಹತ್ತಿರ ಹತ್ತಿರ 6 ಮೀಟರ್. ಇದನ್ನು ಬರೆಸಿದವನು ತೊಮ್ಮಾಸೊ ಪೋರ್ಟಿನಾರಿ. ಫ್ಲಾರೆನ್ಸಿನ ಮೆಡಿಚಿ ಮನೆತನದ ಬ್ಯಾಂಕಿಗೆ ಬ್ರೂಜ್ ಪಟ್ಟಣದಲ್ಲಿದ್ದ ಶಾಖೆಯನ್ನು ನೋಡಿಕೊಳ್ಳುತ್ತಿದ್ದವನು. ಅವನ ಹೆಸರಿನಿಂದಲೇ ಚಿತ್ರವನ್ನು ಇಂದಿಗೂ ಕರೆಯುತ್ತಾರೆ. ಈಗ ಅದು ಇರುವುದು ಫ್ಲಾರೆನ್ಸಿನ ಉಫೀಜಿ ಸಂಗ್ರಹಾಲಯದಲ್ಲಿ.

ಬೆಳಗಿನ ಹೊತ್ತು, ಮನಸ್ಸಿಗೆ ಇನ್ನೂ ದಿನದ ಗದ್ದಲ ಹತ್ತಿಕೊಳ್ಳುವ ಮೊದಲು, ಒಂದು ಒಳ್ಳೆಯ ಅಚ್ಚುಪ್ರತಿಯನ್ನಾದರೂ ಎದುರಿಗಿಟ್ಟುಕೊಂಡು ಈ ಚಿತ್ರವನ್ನು ನೋಡುತ್ತ ಕೂತರೆ ನನ್ನನ್ನು ಮತ್ತೆ ಮತ್ತೆ ತಡೆದು ನಿಲ್ಲಿಸುವುದು ಅದರ ಮೌನ. ಇದು ಹಬ್ಬದ ಚಿತ್ರ. ಲೋಕಕ್ಕೆ ಸಂತೋಷದ ಸುದ್ದಿ ಬಂದ ರಾತ್ರಿಯ ಚಿತ್ರ. ಆದರೂ ಇಲ್ಲಿ ಮರಿಯಮ್ಮನ ಮುಖದಲ್ಲಿ ನಗುವಿಲ್ಲ. ಕಡುನೀಲಿ ಉಡುಪಿನಲ್ಲಿ, ಕೂದಲು ಬೆನ್ನಿಗೆ ಇಳಿಬಿಟ್ಟು, ಕಣ್ಣು ಕೆಳಗಿಟ್ಟು ಅವಳು ಮಂಡಿಯೂರಿದ್ದಾಳೆ. ಎರಡು ಕೈಗಳ ಬೆರಳ ತುದಿಗಳು ಮಾತ್ರ ಒಂದಕ್ಕೊಂದು ತಾಗಿವೆ. ಅಂಗೈಗಳ ನಡುವೆ ಜಾಗ ಉಳಿದಿದೆ. ಹೆತ್ತ ತಾಯಿ ಮಗುವನ್ನು ಎದೆಗೆ ಅವಚಿಕೊಳ್ಳಬೇಕಾದ ಗಳಿಗೆಯಲ್ಲಿ ಅವಳು ನೋಡುತ್ತಿದ್ದಾಳೆ, ಅಷ್ಟೇ. ಇವನು ನನ್ನ ಮಗನೂ ಹೌದು, ನನಗೆ ಮೀರಿದವನೂ ಹೌದು ಎಂಬ ತಿಳಿವು ಮೊದಲ ಸಲ ಮನಸ್ಸಿಗೆ ಇಳಿದಾಗ ಯಾವ ತಾಯಿಯ ಮುಖವೂ ಹೀಗೇ ಆಗಬಹುದು.

ನೆಲದ ಮೇಲಿನ ಮಗುವಿನ ಕಲ್ಪನೆ ಹ್ಯೂಗೊನ ಸ್ವಂತದ್ದಲ್ಲ. ಲೂಕನ ಸುವಾರ್ತೆಯಲ್ಲಿ ತಾಯಿ ಮಗುವನ್ನು ಬಟ್ಟೆಯಲ್ಲಿ ಸುತ್ತಿ ಗೋದಲಿಯಲ್ಲಿ ಮಲಗಿಸುತ್ತಾಳೆ. ಬರಿನೆಲಕ್ಕೆ ಅವನನ್ನು ಇಳಿಸಿದ್ದು ಸ್ವೀಡನ್ನಿನ ಸಂತ ಬ್ರಿಜಿತಳ ದರ್ಶನ. ಎಂಟು ಮಕ್ಕಳನ್ನು ಹೆತ್ತು, ವಿಧವೆಯಾಗಿ, ಮುಪ್ಪಿನಲ್ಲಿ ಬೆತ್ಲೆಹೇಮಿಗೆ ಯಾತ್ರೆ ಹೋದ ಹೆಂಗಸು ಅವಳು. 1372ರಲ್ಲಿ ಅಲ್ಲಿ ಅವಳಿಗೆ ಕಂಡದ್ದನ್ನು ಬರೆದಿಟ್ಟಿದ್ದಾರೆ: ತಾಯಿ ಮಂಡಿಯೂರಿ ಪ್ರಾರ್ಥಿಸುತ್ತಿದ್ದಂತೆಯೇ ಮಗು ಹುಟ್ಟಿತು, ಬೆತ್ತಲೆಯಾಗಿ ನೆಲದ ಮೇಲೆ ಮಲಗಿತ್ತು, ಅದರ ಬೆಳಕಿನ ಮುಂದೆ ಜೋಸೆಫ್ ತಂದಿಟ್ಟ ಮೇಣದ ಬತ್ತಿ ಮಂಕಾಯಿತು. ಆಮೇಲಿನ ನೂರು ವರ್ಷ ಯುರೋಪಿನ ಕಲಾವಿದರು ಈ ದರ್ಶನವನ್ನು ನೂರಾರು ಸಲ ಬಿಡಿಸಿದರು. ಹೆರಿಗೆಯ ನೋವು, ಚಳಿ, ನೆಲದ ಒರಟು ಎಲ್ಲವನ್ನೂ ಮೈಯಾರೆ ಬಲ್ಲ ಒಬ್ಬ ತಾಯಿಗೆ ಈ ದರ್ಶನವಾಯಿತು ಎಂಬುದನ್ನು ನಾನು ಮರೆಯಲಾರೆ.

ಅದಕ್ಕೂ ಮೊದಲೇ, 1223ರಲ್ಲಿ, ಇಟಲಿಯ ಗ್ರೆಚ್ಚೊ ಎಂಬ ಹಳ್ಳಿಯಲ್ಲಿ ಅಸಿಸಿಯ ಸಂತ ಫ್ರಾನ್ಸಿಸ್ ಹುಲ್ಲು, ಎತ್ತು, ಕತ್ತೆಗಳನ್ನು ತರಿಸಿ ಆ ರಾತ್ರಿಯನ್ನು ಕಣ್ಣೆದುರಿಗೆ ನಿಲ್ಲಿಸಿದ್ದ. ಮಂಗಳೂರಿನ ಕಡೆಯ ಕ್ರೈಸ್ತರ ಮನೆಗಳಲ್ಲಿ ಡಿಸೆಂಬರ್ ಬಂತೆಂದರೆ ಕಟ್ಟುವ ಗೋದಲಿಗಳು ಆ ಪರಂಪರೆಯವೇ. ಬೊಂಬೆಯ ಮಗುವನ್ನು ತಂದಿಡಲು ಹಬ್ಬದ ರಾತ್ರಿಯವರೆಗೂ ಕಾಯುತ್ತಾರೆ. ಅಲ್ಲಿಯವರೆಗೆ ಹುಲ್ಲಿನ ಆ ತಾಣ ಖಾಲಿ. ಆ ಖಾಲಿ ತಾಣವನ್ನು ದಿನವೂ ನೋಡುತ್ತ ಬೆಳೆದ ಮಕ್ಕಳಿಗೆ ಹ್ಯೂಗೊ ಉಳಿಸಿರುವ ಖಾಲಿ ನೆಲದ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಚಿತ್ರದ ಕೆಳಗಿನ ಅಂಚಿಗೆ ಬರೋಣ. ಮಗುವಿಗೂ ನಮಗೂ ನಡುವೆ, ನಮ್ಮ ಕೈಗೆಟುಕುವಷ್ಟು ಹತ್ತಿರ, ಒಂದು ಗೋಧಿಯ ಕಟ್ಟು ಅಡ್ಡ ಬಿದ್ದಿದೆ. ಅದರ ಮುಂದೆ ಎರಡು ಹೂದಾನಿ. ಒಂದು ಬಣ್ಣದ ಮಣ್ಣಿನ ಭರಣಿ, ಇನ್ನೊಂದು ಸಾದಾ ಗಾಜಿನ ಲೋಟ. ಇಡೀ ಚಿತ್ರದಲ್ಲಿ ನನಗೆ ಬಹಳ ಪ್ರಿಯವಾದ ಜಾಗ ಇದು. ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು.

ಭರಣಿಯಲ್ಲಿ ಕೆಂಪು ಕಿತ್ತಳೆ ಬಣ್ಣದ ಲಿಲ್ಲಿ, ಬಿಳಿಯ ಮತ್ತು ನೇರಳೆಯ ಐರಿಸ್ ಹೂಗಳಿವೆ. ಲೋಟದಲ್ಲಿ ಕೊಲಂಬೈನ್ ಎಂಬ ಕಡುನೀಲಿ ಹೂವಿನ ಕಡ್ಡಿಗಳು, ಮೂರು ಕೆಂಪು ಕಾರ್ನೇಶನ್. ನೆಲದ ಮೇಲೆ ಅಲ್ಲಲ್ಲಿ ಬಿಡಿ ವಯಲೆಟ್ ಹೂಗಳು. ಅಂದಿನ ಭಕ್ತರಿಗೆ ಇವೆಲ್ಲ ಓದಲು ಬರುವ ಅಕ್ಷರಗಳಂತಿದ್ದವು. ಕೆಂಪು ಲಿಲ್ಲಿ ಎಂದರೆ ಮುಂದೆ ಹರಿಯಲಿರುವ ರಕ್ತ. ಐರಿಸ್‌ನ ಎಲೆ ಕತ್ತಿಯಂತಿರುತ್ತದೆ; ಹರಕೆ ಒಪ್ಪಿಸಲು ಮಗುವನ್ನು ದೇವಾಲಯಕ್ಕೆ ಕರೆದೊಯ್ದ ದಿನ ಮುದುಕ ಸಿಮೆಯೋನನು ಮರಿಯಮ್ಮನಿಗೆ, ನಿನ್ನ ಜೀವವನ್ನೂ ಒಂದು ಕತ್ತಿ ತೂರಿ ಹೋಗುತ್ತದೆ ಎಂದಿದ್ದನಲ್ಲ, ಆ ಕತ್ತಿ. ಕೊಲಂಬೈನ್ ತಾಯಿಯ ದುಃಖ. ಮೂರು ಕಾರ್ನೇಶನ್‌ಗಳು ಶಿಲುಬೆಯ ಮೂರು ಮೊಳೆಗಳು. ವಯಲೆಟ್ ದೀನತೆ. ಗೋಧಿಯ ಕಟ್ಟು ಬಲಿಪೂಜೆಯ ರೊಟ್ಟಿ. ಗಾಜಿನ ಲೋಟದ ಮೂಲಕ ಬೆಳಕು ಹಾದು ಹೋಗಿ ನೆಲದ ಮೇಲೆ ಬಿದ್ದಿದೆ. ಗಾಜು ಒಡೆಯದೆ ಬೆಳಕು ಒಳಹೊಕ್ಕು ಹೊರಬರುವುದು ಕನ್ಯೆಯಾಗಿಯೇ ತಾಯಾದ ಮರಿಯಮ್ಮನ ಗುರುತು. ಹುಟ್ಟಿದ ಗಳಿಗೆಯಲ್ಲೇ ಈ ಮಗುವಿನ ಸಾವನ್ನೂ ಹೂಗಳಲ್ಲಿ ಬರೆದಿಟ್ಟಾಗಿದೆ.

ಹಿನ್ನೆಲೆಯಲ್ಲಿ ಚಳಿಗಾಲ. ಬಲಗಡೆಯ ಹಲಗೆಯಲ್ಲಿ ಎಲೆ ಉದುರಿದ ಬೋಳು ಮರಗಳಿವೆ. ಆದರೆ ಮುಂದಿರುವ ಹೂಗಳೆಲ್ಲ ವಸಂತ ಮತ್ತು ಬೇಸಿಗೆಯ ಮೊದಲ ದಿನಗಳವು. ಈ ಎರಡು ಕಾಲಗಳನ್ನು ಕಲಾವಿದ ಒಂದೇ ನೆಲದ ಮೇಲೆ ಇಟ್ಟಿದ್ದಾನೆ.

ಆ ಭರಣಿಯನ್ನು ಇನ್ನೂ ಹತ್ತಿರದಿಂದ ನೋಡಿ. ನೀಳವಾದ ಆಕಾರ, ಮೈಮೇಲೆ ಬಳ್ಳಿ ಎಲೆಯ ಚಿತ್ತಾರ, ಮೆರುಗು. ಸ್ಪೇನಿನ ಮುಸ್ಲಿಂ ಕುಂಬಾರರ ಕಸುಬಿನಿಂದ ಬಂದ ಬಗೆಯದು. ಯುರೋಪಿನ ಔಷಧಿ ಅಂಗಡಿಗಳ ಕಪಾಟಿನಲ್ಲಿ ಲೇಹ್ಯ, ಮುಲಾಮು, ಒಣಗಿದ ಬೇರು ತುಂಬಿಡುತ್ತಿದ್ದುದು ಇಂಥ ಭರಣಿಗಳಲ್ಲಿ. ಅಂದರೆ ಮಗುವಿನ ಮುಂದೆ ಕಲಾವಿದ ಇಟ್ಟಿರುವುದು ಔಷಧಿಯ ಭರಣಿ. ಅದರಲ್ಲಿ ಇಟ್ಟ ಐರಿಸ್‌ನ ಬೇರು, ನೆಲದ ಮೇಲೆ ಚೆಲ್ಲಿದ ವಯಲೆಟ್ ಕೂಡ ಅಂದಿನ ವೈದ್ಯರ ಔಷಧಿಗಳೇ ಆಗಿದ್ದವು.

ಅದಕ್ಕೆ ಕಾರಣವಿದೆ. ಈ ಚಿತ್ರ ಹೋಗಬೇಕಾಗಿದ್ದುದು ಒಂದು ಆಸ್ಪತ್ರೆಗೆ.

ಫ್ಲಾರೆನ್ಸಿನ ಸಾಂತಾ ಮರಿಯಾ ನುವೋವಾ ಆಸ್ಪತ್ರೆಯನ್ನು 1288ರಲ್ಲಿ ಸ್ಥಾಪಿಸಿದವನು ತೊಮ್ಮಾಸೊನ ಪೂರ್ವಿಕ ಫೋಲ್ಕೊ ಪೋರ್ಟಿನಾರಿ. ಮಹಾಕವಿ ದಾಂತೆ ಜೀವಮಾನವಿಡೀ ಎದೆಯಲ್ಲಿಟ್ಟುಕೊಂಡ ಬೆಯಾತ್ರಿಚೆ ಇದೇ ಫೋಲ್ಕೊನ ಮಗಳು. ಆದರೆ ಆಸ್ಪತ್ರೆ ಕಟ್ಟಿಸಲು ಅವನನ್ನು ಒಪ್ಪಿಸಿದವಳು ಮನೆಗೆಲಸದ ಹೆಂಗಸು ಮೊನ್ನಾ ತೆಸ್ಸಾ ಎಂದು ಊರವರು ಹೇಳುತ್ತ ಬಂದಿದ್ದಾರೆ. ರೋಗಿಗಳ ಸೇವೆಗೆ ತಮ್ಮನ್ನು ಒಪ್ಪಿಸಿಕೊಂಡ ಹೆಂಗಸರ ಒಂದು ಪಂಗಡ ಅವಳಿಂದಲೇ ಶುರುವಾಯಿತು. ಹಣ ಯಜಮಾನನದು, ಕೈ ಆಳಿನದು. ಆ ಆಸ್ಪತ್ರೆಗೆ ಸೇರಿದ ಸಾಂತ್ ಎಜಿಡಿಯೊ ಎಂಬ ಚರ್ಚಿನ ಮುಖ್ಯ ಬಲಿಪೀಠಕ್ಕೆಂದು ತೊಮ್ಮಾಸೊ ಈ ಚಿತ್ರ ಬರೆಸಿದ.

ಇದು ತಿಳಿದ ಮೇಲೆ ಚಿತ್ರದ ಒಂದೊಂದು ಅಂಗವೂ ಬೇರೆ ಬೆಳಕಿನಲ್ಲಿ ಕಾಣತೊಡಗುತ್ತದೆ. ಎಡಗಡೆಯ ಹಲಗೆಯಲ್ಲಿ ತೊಮ್ಮಾಸೊ ಮತ್ತು ಅವನ ಇಬ್ಬರು ಗಂಡುಮಕ್ಕಳ ಹಿಂದೆ ನಿಂತ ಸಂತರಲ್ಲಿ ಒಬ್ಬ ಅಂತೋನಿ. ಮೈ ಸುಡುವ, ಕೈಕಾಲು ಕೊಳೆಯುವ ಒಂದು ಭೀಕರ ಕಾಯಿಲೆಗೆ ಅಂದಿನ ಜನ ಅವನ ಹೆಸರನ್ನೇ ಇಟ್ಟು, ಅವನಿಗೇ ಮೊರೆಯಿಡುತ್ತಿದ್ದರು. ಬಲಗಡೆಯಲ್ಲಿ ತೊಮ್ಮಾಸೊನ ಹೆಂಡತಿ ಮರಿಯಾ ಮತ್ತು ಮಗಳು ಮಾರ್ಗರಿತಾ. ಅವರ ಹಿಂದೆ ಇಬ್ಬರು ಸಂತೆಯರು. ಒಬ್ಬಳು ಮಾರ್ಗರೇಟ್, ಹೆರಿಗೆ ನೋವಿನಲ್ಲಿದ್ದ ಹೆಂಗಸರು ಕರೆಯುತ್ತಿದ್ದವಳು. ಇನ್ನೊಬ್ಬಳು ಮುಲಾಮಿನ ಭರಣಿ ಹಿಡಿದ ಮಗ್ದಲಾ ಮರಿಯಾ. ಪೋರ್ಟಿನಾರಿ ಕುಟುಂಬದವರ ಹೆಸರಿನ ಸಂತರೆಂದು ಇವರು ಇಲ್ಲಿಗೆ ಬಂದರು, ನಿಜ. ಆಸ್ಪತ್ರೆಯ ಮಂದಿಗೆ ಮಾತ್ರ ಇವರು ತಮ್ಮ ತಮ್ಮ ನೋವಿನ ವಿಳಾಸಗಳು.

ಕಾಯಿಲೆ ಬಿದ್ದವರ ಮುಂದೆ ಎಂಥ ಚಿತ್ರ ಇಡಬೇಕು? ನಗುಮುಖದ, ಹೊಳೆಯುವ, ಎಲ್ಲ ಸರಿಹೋಗುತ್ತದೆ ಎಂದು ಹೇಳುವ ಚಿತ್ರವನ್ನು ಇಡಬೇಕೆಂದು ನಮಗೆ ಅನ್ನಿಸುವುದು ಸಹಜ. ನಮ್ಮ ಆಸ್ಪತ್ರೆಗಳ ಗೋಡೆಗಳ ಮೇಲೆ ಇರುವುದೂ ಅಂಥವೇ: ಜಲಪಾತ, ಸೂರ್ಯೋದಯ, ಬಾಯಿಯ ಮೇಲೆ ಬೆರಳಿಟ್ಟ ಮುದ್ದು ಮಗು. ಹ್ಯೂಗೊ ಅವರ ಮುಂದೆ ಇಟ್ಟದ್ದು ಬಟ್ಟೆಯಿಲ್ಲದೆ ನೆಲದ ಮೇಲೆ ಬಿದ್ದಿರುವ ಒಂದು ಮೈಯನ್ನು. ತನ್ನ ಕೈಕಾಲು ತನ್ನ ಮಾತು ಕೇಳದ, ಇನ್ನೊಬ್ಬರು ಎತ್ತದೆ ಏಳಲಾರದ ಮೈ. ಹಾಸಿಗೆ ಹಿಡಿದವನಿಗೆ ಇದಕ್ಕಿಂತ ಹತ್ತಿರದ ದೇವರು ಯಾರು? ದೇವರು ಮನುಷ್ಯನಾದ ಎಂಬ ಮಾತನ್ನು ಪ್ರವಚನದಲ್ಲಿ ಕೇಳುವುದು ಬೇರೆ. ನನ್ನ ಹಾಗೆ ಅವನೂ ಕೈಲಾಗದೆ ಮಲಗಿದ್ದ ಎಂದು ಕಣ್ಣಾರೆ ಕಾಣುವುದು ಬೇರೆ. ಗುಣವಾಗುತ್ತದೆ ಎಂಬ ಮಾತು ಈ ಚಿತ್ರದಲ್ಲಿ ಎಲ್ಲೂ ಇಲ್ಲ. ನೋವಿನ ಹತ್ತಿರ ಮಂಡಿಯೂರಿ ಕೂರುವ ಜನರಿದ್ದಾರೆ ಎಂಬುದು ಇದೆ. ರಾತ್ರಿಯಿಡೀ ರೋಗಿಯ ಪಕ್ಕದಲ್ಲಿ ಕೂತವರಿಗೆ ಗೊತ್ತು, ಮಾಡಲು ಏನೂ ಉಳಿಯದ ಹೊತ್ತು ಬರುತ್ತದೆ. ಆಗಲೂ ಅಲ್ಲಿಂದ ಎದ್ದು ಹೋಗದೆ ನೋಡುತ್ತ ಇರುವುದೊಂದು ಉಳಿದಿರುತ್ತದೆ. ಮರಿಯಮ್ಮ ಮಾಡುತ್ತಿರುವುದು ಅದನ್ನೇ.

ಜೋಸೆಫ್ ಎಡಗಡೆ, ಒಂದು ಕಲ್ಲಿನ ಕಂಬದ ಬಳಿ, ಕೈಮುಗಿದಿದ್ದಾನೆ. ಅವನ ಮುಂದೆ ನೆಲದ ಮೇಲೆ ಕಳಚಿಟ್ಟ ಮರದ ಮೆಟ್ಟು ಇದೆ. ಉರಿಯುವ ಪೊದೆಯ ಮುಂದೆ ಮೋಶೆ ಕೆರ ಕಳಚಿದಂತೆ ಇಲ್ಲಿಯೂ ನೆಲ ಪವಿತ್ರ. ಮೆಟ್ಟು ಬಿಟ್ಟು ಒಳಗೆ ಬರುವ ನಮಗೆ ಇದನ್ನು ಯಾರೂ ವಿವರಿಸಬೇಕಿಲ್ಲ. ದೇವದೂತರು ಬಲಿಪೂಜೆಯಲ್ಲಿ ನೆರವಾಗುವವರ ಉಡುಪಿನಲ್ಲಿದ್ದಾರೆ. ಕೆಲವರ ಮೈಮೇಲೆ ಜರತಾರಿಯ ಭಾರಿ ನಿಲುವಂಗಿಗಳು. ಪೂಜೆ ನಡೆಸುವ ಗುರುವಿನ ಮೇಲಂಗಿ ಮಾತ್ರ ಯಾರ ಮೈಮೇಲೂ ಇಲ್ಲ. ಗುರು ನೆಲದ ಮೇಲೆ ಮಲಗಿದ್ದಾನೆ, ಉಡುಪಿಲ್ಲದೆ.

ಇಷ್ಟು ವೈಭವದ ದೇವದೂತರನ್ನು ಕಲಾವಿದ ಚಿಕ್ಕದಾಗಿ ಬಿಡಿಸಿದ್ದಾನೆ. ಬಲಗಡೆಯಿಂದ ನುಗ್ಗಿ ಬಂದ ಮೂವರು ಕುರಿ ಕಾಯುವವರು ಅವರಿಗಿಂತ ದೊಡ್ಡವರು. ಹಣ ಕೊಟ್ಟು ಚಿತ್ರ ಬರೆಸಿದ ಪೋರ್ಟಿನಾರಿ ದಂಪತಿಗಿಂತಲೂ ದೊಡ್ಡವರು. ಐನೂರು ವರ್ಷಗಳಿಂದ ಈ ಚಿತ್ರದ ಮುಂದೆ ನಿಂತವರೆಲ್ಲರ ಕಣ್ಣು ಹೋಗುವುದು ಈ ಮೂವರ ಕಡೆಗೇ. ಮುಂದಿನವನು ಮಂಡಿಯೂರಿ ಕೈಮುಗಿದಿದ್ದಾನೆ. ಎರಡನೆಯವನು ಅಂಗೈಗಳನ್ನು ಅಗಲವಾಗಿ ಬಿಚ್ಚಿದ್ದಾನೆ. ಮುಗಿಯಬೇಕೆಂಬುದು ಇನ್ನೂ ನೆನಪಾಗಿಲ್ಲ. ಹಿಂದಿನವನು ಈಗಷ್ಟೇ ಓಡಿ ಬಂದಿದ್ದಾನೆ. ಮುಂದಿನವರ ಹೆಗಲ ಮೇಲಿಂದ ಬಗ್ಗಿ ನೋಡುತ್ತಿದ್ದಾನೆ, ಬಾಯಿ ತೆರೆದಿದೆ, ಬಾಯಲ್ಲಿ ಎಲ್ಲ ಹಲ್ಲುಗಳೂ ಇಲ್ಲ. ಮುಖಗಳು ಗಾಳಿ ಬಿಸಿಲಿಗೆ ಒರಟಾದವು. ಕೈಗಳು ದಪ್ಪ, ಗಂಟು ಗಂಟು, ಉಗುರುಗಳಲ್ಲಿ ಮಣ್ಣು.

ಆ ಕೈಗಳನ್ನು ಹ್ಯೂಗೊ ಬರೆದಿರುವ ಪರಿಗೆ ನಾನು ಸೋತುಹೋಗಿದ್ದೇನೆ. ಹಳ್ಳಿಗನನ್ನು ನಗೆಗೀಡು ಮಾಡಲು ಬಳಸುವುದು ಅಂದಿನ ಚಿತ್ರಗಳಲ್ಲಿ, ನಾಟಕಗಳಲ್ಲಿ ಇದ್ದದ್ದೇ. ಇಲ್ಲಿ ಹಾಗಿಲ್ಲ. ದೇವದೂತನ ನಿಲುವಂಗಿಯ ಅಂಚಿನ ಮುತ್ತಿಗೆ ಎಷ್ಟು ಹೊತ್ತು ಕೊಟ್ಟಿದ್ದಾನೋ ಕುರಿ ಕಾಯುವವನ ಉಗುರಿಗೂ ಅಷ್ಟೇ ಹೊತ್ತು ಕೊಟ್ಟಿದ್ದಾನೆ. ತೆಳುವಾದ ಎಣ್ಣೆಬಣ್ಣವನ್ನು ಪದರದ ಮೇಲೆ ಪದರ ಹಚ್ಚಿ, ಒಂದು ಒಣಗುವವರೆಗೆ ಕಾದು ಇನ್ನೊಂದು ಹಚ್ಚುವ ಫ್ಲೆಮಿಶ್ ಕೆಲಸ ಅದು. ಅವಸರಕ್ಕೆ ಅಲ್ಲಿ ಜಾಗವಿಲ್ಲ. ಬಡವನ ಕೈಯನ್ನು ಅಷ್ಟು ಹೊತ್ತು, ಅಷ್ಟು ಗೌರವದಿಂದ ನೋಡುವುದನ್ನೇ ನಾನು ಪ್ರಾರ್ಥನೆ ಎಂದು ತಿಳಿದಿದ್ದೇನೆ.

ಮೂವರೂ ಒಂದೇ ಸುದ್ದಿ ಕೇಳಿ, ಒಂದೇ ಗುಡ್ಡದಿಂದ ಇಳಿದು ಬಂದವರು. ಹಿಂದೆ ದೂರದಲ್ಲಿ ದೇವದೂತ ಅವರಿಗೆ ಸುದ್ದಿ ಹೇಳುವ ಗುಡ್ಡವೂ ಚಿಕ್ಕದಾಗಿ ಕಾಣುತ್ತದೆ. ಆದರೂ ಅವರ ಮನಸ್ಸು ಒಂದೇ ಗಳಿಗೆಯಲ್ಲಿ ಒಂದೇ ಕಡೆ ತಲುಪಿಲ್ಲ. ಒಬ್ಬನಿಗೆ ಭಕ್ತಿ ಮೂಡಿದೆ, ಒಬ್ಬನಿಗೆ ಬೆರಗು, ಒಬ್ಬನಿಗೆ ಇನ್ನೂ ಏದುಸಿರು. ಬೆಳಗ್ಗೆ ಪ್ರಾರ್ಥನೆಗೆಂದು ಕೂತಾಗ ನನ್ನ ಮನಸ್ಸು ಇರುವುದು ಬಹುಪಾಲು ಆ ಮೂರನೆಯವನ ಜಾಗದಲ್ಲಿ. ಅವನಿಗೂ ಅಲ್ಲಿ ಜಾಗವಿದೆ ಎಂಬುದು ನನಗೆ ಎಷ್ಟೋ ದಿನ ಧೈರ್ಯ ಕೊಟ್ಟಿದೆ.

ಇನ್ನೊಂದು ಸಣ್ಣ ದೃಶ್ಯ. ಎಡ ಹಲಗೆಯ ಮೇಲ್ಭಾಗದಲ್ಲಿ, ಸಂತರ ಹಿಂದಿನ ಬಂಡೆಗಳ ನಡುವೆ, ಗುಬ್ಬಚ್ಚಿಯಷ್ಟು ಗಾತ್ರದ ಇಬ್ಬರು ಇಳಿಜಾರಿನಲ್ಲಿ ಇಳಿದು ಬರುತ್ತಿದ್ದಾರೆ. ತುಂಬು ಬಸುರಿ ಮರಿಯಮ್ಮ ಕತ್ತೆಯ ಮೇಲಿಂದ ಇಳಿದಿದ್ದಾಳೆ. ಕಡಿದಾದ ದಾರಿಯಲ್ಲಿ ಕತ್ತೆಯ ಕುಲುಕಾಟ ಅವಳಿಗೆ ಆಗುತ್ತಿಲ್ಲ. ವಯಸ್ಸಾದ ಜೋಸೆಫ್ ಅವಳಿಗೆ ಆಸರೆ ಕೊಟ್ಟು ಒಂದೊಂದೇ ಹೆಜ್ಜೆ ನಡೆಸುತ್ತಿದ್ದಾನೆ. ಸುವಾರ್ತೆಯಲ್ಲಿ ಈ ನಡಿಗೆಯ ವಿವರ ಒಂದು ಸಾಲೂ ಇಲ್ಲ. ಕಲಾವಿದ ಅದನ್ನು ಮನಸ್ಸಿನಲ್ಲಿ ಕಂಡ. ಬಲ ಹಲಗೆಯ ಹಿನ್ನೆಲೆಯಲ್ಲಿ ಕುದುರೆಯೇರಿ ಪರಿವಾರದೊಡನೆ ಬರುತ್ತಿರುವ ಮೂಡಣ ದೇಶದ ಜ್ಞಾನಿಗಳಿದ್ದಾರೆ. ಅವರ ಆಳೊಬ್ಬ ದಾರಿಹೋಕನನ್ನು ದಾರಿ ಕೇಳುತ್ತಿದ್ದಾನೆ. ನನಗೆ ಮಾತ್ರ ಆ ಇಳಿಜಾರಿನ ಇಬ್ಬರ ಮೇಲೆ ಕಣ್ಣು.

ಇಷ್ಟು ಕನಿಕರವಿದ್ದ ಕಲಾವಿದನ ಬದುಕು ಸುಖದ್ದಾಗಿರಲಿಲ್ಲ. ಹ್ಯೂಗೊ 1467ರಲ್ಲಿ ಗೆಂಟ್ ನಗರದ ಚಿತ್ರಗಾರರ ಸಂಘಕ್ಕೆ ಸೇರಿದ, ಮುಂದೆ ಅದರ ಮುಖ್ಯಸ್ಥನೂ ಆದ. ಹೆಸರು, ಹಣ, ಕೆಲಸ ಯಾವುದಕ್ಕೂ ಕೊರತೆಯಿರಲಿಲ್ಲ. ಅಂಥ ಹೊತ್ತಿನಲ್ಲಿ ಎಲ್ಲ ಬಿಟ್ಟು ಬ್ರಸೆಲ್ಸ್ ಬಳಿಯ ರೋಡ್ ಕ್ಲೋಸ್ಟರ್ ಎಂಬ ಮಠಕ್ಕೆ ಸಾಮಾನ್ಯ ಸೋದರನಾಗಿ ಸೇರಿಕೊಂಡ. ಅಲ್ಲಿಯೂ ಚಿತ್ರ ಬರೆಯುತ್ತಿದ್ದ. ಅವನ ಜೊತೆಗೇ ಮಠ ಸೇರಿದ ಗಾಸ್ಪರ್ ಓಫ್‌ಹೌಸ್ ಮುಂದೆ ಬರೆದಿಟ್ಟ ವೃತ್ತಾಂತದಿಂದ ಉಳಿದದ್ದು ತಿಳಿಯುತ್ತದೆ. ಕೊಲೋನ್‌ಗೆ ಹೋಗಿ ಮರಳುವ ದಾರಿಯಲ್ಲಿ ಒಂದು ರಾತ್ರಿ ಹ್ಯೂಗೊನ ಮನಸ್ಸು ಕದಡಿತು. ನಾನು ನರಕಕ್ಕೆ ಸಲ್ಲುವವನು ಎಂದು ಹಲುಬತೊಡಗಿದ. ತನಗೆ ತಾನೇ ಹಾನಿ ಮಾಡಿಕೊಳ್ಳದಂತೆ ಜೊತೆಯವರು ಹಿಡಿದು ಕಾಯಬೇಕಾಯಿತು. ಒಪ್ಪಿಕೊಂಡ ಚಿತ್ರಗಳನ್ನೆಲ್ಲ ಮುಗಿಸುವುದು ಹೇಗೆ, ಒಂಬತ್ತು ವರ್ಷ ಸಿಕ್ಕರೂ ಸಾಲದಲ್ಲ ಎಂಬ ಚಿಂತೆ ಅವನನ್ನು ತಿನ್ನುತ್ತಿತ್ತು ಎಂದು ಓಫ್‌ಹೌಸ್ ಹೇಳುತ್ತಾನೆ.

ಮಠದ ಹಿರಿಯ ತೋಮಸ್‌ಗೆ ಬೈಬಲಿನ ಸೌಲ ರಾಜನ ಕತೆ ನೆನಪಾಯಿತು. ಮನಸ್ಸು ಕೆಟ್ಟು ಕೂತ ಸೌಲನ ಮುಂದೆ ಹುಡುಗ ದಾವೀದ ಹಾರ್ಪ್ ನುಡಿಸಿದಂತೆ, ಹ್ಯೂಗೊನ ಮುಂದೆಯೂ ಸಂಗೀತ ನುಡಿಸಲು ಹೇಳಿದ. ಅದು ಅಷ್ಟಾಗಿ ಫಲಿಸಲಿಲ್ಲ. ಇದನ್ನು ಓದಿದ ಮೇಲೆ ಚಿತ್ರಕ್ಕೆ ಮರಳಿದರೆ, ಮರಿಯಮ್ಮನ ಹಿಂದೆ ನಿಂತ ಕಟ್ಟಡದ ಬಾಗಿಲ ಮೇಲೆ ಕೆತ್ತಿದ ಒಂದು ಹಾರ್ಪ್ ಕಣ್ಣಿಗೆ ಬೀಳುತ್ತದೆ. ಇದು ದಾವೀದನ ಮನೆ, ಮಗು ದಾವೀದನ ವಂಶದ್ದು ಎಂದು ಹೇಳಲು ಹ್ಯೂಗೊ ಇಟ್ಟ ಗುರುತು ಅದು. ಮನಸ್ಸು ಗಟ್ಟಿಯಿದ್ದ ಕಾಲದಲ್ಲಿ ತಾನು ಬಿಡಿಸಿದ ವಾದ್ಯದ ಔಷಧಿಯನ್ನೇ ಕೆಲವು ವರ್ಷಗಳ ನಂತರ ಅವನ ಮೇಲೆ ಪ್ರಯೋಗಿಸಿದರು. ಸ್ವಲ್ಪ ಚೇತರಿಸಿಕೊಂಡವನು ಅತಿಥಿಗಳ ಜೊತೆ ಕೂತು ಉಣ್ಣುವ ಹಿಂದಿನ ಮರ್ಯಾದೆಗಳನ್ನೆಲ್ಲ ಬಿಟ್ಟು ಸಾಮಾನ್ಯ ಸೋದರರ ಪಂಕ್ತಿಗೆ ಬಂದು ಕೂತ. 1482ರಲ್ಲಿ ತೀರಿಕೊಂಡ. ನಾನೂರು ವರ್ಷ ಕಳೆದ ಮೇಲೆ ವಿನ್ಸೆಂಟ್ ವ್ಯಾನ್ ಗೋ ತಮ್ಮನಿಗೆ ಬರೆದ ಪತ್ರದಲ್ಲಿ, ಬೇರೊಬ್ಬ ಕಲಾವಿದ ಬಿಡಿಸಿದ ಹ್ಯೂಗೊನ ಕದಡಿದ ಮುಖಕ್ಕೆ ತನ್ನ ಮುಖವನ್ನು ಹೋಲಿಸಿಕೊಂಡ.

ಚಿತ್ರ ಫ್ಲಾರೆನ್ಸಿಗೆ ತಲುಪಿದ್ದು ಹ್ಯೂಗೊ ತೀರಿಕೊಂಡ ಮರುವರ್ಷ. ಅಷ್ಟು ದೊಡ್ಡ ಹಲಗೆಗಳನ್ನು ಹಡಗಿನಲ್ಲಿ ಸಿಸಿಲಿಯ ಮೇಲೆ ಹಾಯಿಸಿ, ಪೀಸಾಕ್ಕೆ ತಂದು, ಆರ್ನೋ ನದಿಯಲ್ಲಿ ಮೇಲಕ್ಕೆ ಸಾಗಿಸಿದರು. ಸಮುದ್ರದ ದಾರಿ ಸುಲಭದ್ದಲ್ಲ. ಹತ್ತು ವರ್ಷ ಮೊದಲು, 1473ರಲ್ಲಿ, ಇದೇ ಬ್ಯಾಂಕಿನ ಇನ್ನೊಬ್ಬ ಅಧಿಕಾರಿ ಆಂಜೆಲೊ ತಾನಿಗಾಗಿ ಮೆಮ್ಲಿಂಗ್ ಎಂಬ ಕಲಾವಿದ ಬಿಡಿಸಿದ್ದ ಬಲಿಪೀಠದ ಚಿತ್ರವನ್ನು ಕಡಲಲ್ಲೇ ದೋಚಿದ್ದರು. ಅದು ಇಂದಿಗೂ ಪೋಲೆಂಡಿನ ಗ್ಡಾನ್ಸ್ಕ್‌ನಲ್ಲಿದೆ. ಹ್ಯೂಗೊನ ಚಿತ್ರ ಮಾತ್ರ ಸುರಕ್ಷಿತವಾಗಿ 1483ರ ಮೇ 28ರಂದು ಊರ ಬಾಗಿಲಿಗೆ ಬಂತು. ಅಲ್ಲಿಂದ 16 ಜನ ಹಮಾಲರು ಅದನ್ನು ಹೊತ್ತು ಆಸ್ಪತ್ರೆಗೆ ಮುಟ್ಟಿಸಿದರು. ಐರಿಸ್ ಫ್ಲಾರೆನ್ಸಿನ ಲಾಂಛನದ ಹೂವು. ಅಲ್ಲಿ ಅದು ಅರಳುವುದು ಮೇ ತಿಂಗಳಲ್ಲೇ.

ಊರಿನ ಕಲಾವಿದರು ಬಂದು ನೋಡಿದರು. ಎಣ್ಣೆಬಣ್ಣದ ಇಂಥ ಆಳ, ಗಾಜಿನಲ್ಲಿ ನೀರು ನಿಂತ ಇಂಥ ನಿಜ ಅವರಿಗೆ ಹೊಸದು. ಅವರಲ್ಲಿ ಡೊಮೆನಿಕೊ ಗಿರ್ಲಾಂಡಾಯೊ ಎರಡೇ ವರ್ಷದಲ್ಲಿ, 1485ರಲ್ಲಿ, ಸಾಂತಾ ತ್ರಿನಿತಾ ಚರ್ಚಿಗೆ ತಾನೂ ಒಂದು ಕ್ರಿಸ್ತಜನನವನ್ನು ಬರೆದ. ಅದರಲ್ಲಿ ಹ್ಯೂಗೊನ ಕುರಿ ಕಾಯುವವರು ಮತ್ತೆ ಬಂದರು, ತುಸು ಮುಖ ತೊಳೆದುಕೊಂಡು. ಅವರಲ್ಲಿ ಒಬ್ಬನಿಗೆ ಗಿರ್ಲಾಂಡಾಯೊ ತನ್ನ ಮುಖವನ್ನೇ ಕೊಟ್ಟ. ಒಬ್ಬ ಕಲಾವಿದ ಇನ್ನೊಬ್ಬನಿಗೆ ಸಲ್ಲಿಸಬಹುದಾದ ನಮಸ್ಕಾರಗಳಲ್ಲಿ ಇದನ್ನು ನಾನು ಎತ್ತರದಲ್ಲಿಡುತ್ತೇನೆ. ಅದನ್ನು ಕಾಣಲು ಹ್ಯೂಗೊ ಇರಲಿಲ್ಲ.

ಚಿತ್ರ ಬರೆಸಿದ ತೊಮ್ಮಾಸೊನ ಕತೆಯೂ ಏರಿಕೆಯಲ್ಲಿ ಮುಗಿಯಲಿಲ್ಲ. ಬರ್ಗಂಡಿಯ ದೊರೆ ಚಾರ್ಲ್ಸ್‌ಗೆ ಅವನು ಮಿತಿಮೀರಿ ಸಾಲ ಕೊಟ್ಟಿದ್ದ. 1477ರಲ್ಲಿ ದೊರೆ ಯುದ್ಧದಲ್ಲಿ ಸತ್ತ. ಬ್ರೂಜ್ ಶಾಖೆ ನಷ್ಟದಲ್ಲಿ ಮುಳುಗಿತು, ಮೆಡಿಚಿಗಳು ಅವನ ಕೈಬಿಟ್ಟರು. ಆಸ್ತಿ ಕರಗಿತು. 1501ರಲ್ಲಿ ಅವನು ಪ್ರಾಣ ಬಿಟ್ಟದ್ದು ತನ್ನ ಪೂರ್ವಿಕ ಬಡವರಿಗೆಂದು ಕಟ್ಟಿಸಿದ ಅದೇ ಸಾಂತಾ ಮರಿಯಾ ನುವೋವಾ ಆಸ್ಪತ್ರೆಯಲ್ಲಿ. ಆಗ ಚಿತ್ರ ಅದೇ ಆವರಣದ ಚರ್ಚಿನಲ್ಲಿತ್ತು. ಅದರಲ್ಲಿ ಅವನು ಇನ್ನೂ ಸಿರಿವಂತ, ಕೈಮುಗಿದು ಮಂಡಿಯೂರಿದ್ದಾನೆ, ಇಬ್ಬರು ಎಳೆಯ ಗಂಡುಮಕ್ಕಳು ಹಿಂದೆ ಇದ್ದಾರೆ. ಯಾವ ರೋಗಿಗಳಿಗೆಂದು ಚಿತ್ರವನ್ನು ಕೊಟ್ಟನೋ ಆ ರೋಗಿಗಳ ಸಾಲಿಗೆ ಕೊನೆಗೆ ತಾನೇ ಬಂದು ಮಲಗಿದ.

ಸಾಂತಾ ಮರಿಯಾ ನುವೋವಾ ಈಗಲೂ ಆಸ್ಪತ್ರೆಯೇ. ಏಳು ಶತಮಾನ ದಾಟಿದೆ. ಊರ ನಡುವಿನ ಅದೇ ಜಾಗದಲ್ಲಿ ಆಂಬುಲೆನ್ಸುಗಳು ಬರುತ್ತವೆ, ಹೋಗುತ್ತವೆ. ಚಿತ್ರ ಮಾತ್ರ ಅಲ್ಲಿಲ್ಲ. ಉಫೀಜಿಯಲ್ಲಿ ಅದು ಸುರಕ್ಷಿತವಾಗಿದೆ, ಒಳ್ಳೆಯ ಬೆಳಕಿದೆ, ಅದಕ್ಕೆ ನಾನು ಕೃತಜ್ಞ. ಆದರೆ ಅಲ್ಲಿರುವ ಬೊತ್ತಿಚೆಲ್ಲಿಯ ಚಿತ್ರಗಳನ್ನು ನೋಡುವ ಅವಸರದಲ್ಲಿರುವ ಜನರ ನಡುವೆ ನಿಂತು ಆ ಔಷಧಿ ಭರಣಿ ಅಲ್ಲಿಗೆ ಯಾಕೆ ಬಂತು ಎಂದು ತಿಳಿಯುವುದು ಕಷ್ಟ. ಆ ಊರಿಗೆ ಹೋಗುವ ಅವಕಾಶ ಸಿಕ್ಕವರು ಮೊದಲು ಆಸ್ಪತ್ರೆಯ ಕಡೆಗೆ ಹೋಗಲಿ. ಮುಂಭಾಗದ ಕಂಬಸಾಲಿನ ಕೆಳಗೆ, ಒಳಗಿರುವ ತಮ್ಮವರಿಗಾಗಿ ಕಾಯುವವರ ನಡುವೆ ಸ್ವಲ್ಪ ಹೊತ್ತು ನಿಲ್ಲಲಿ. ಅಲ್ಲಿಂದ ಉಫೀಜಿಗೆ ನಡೆದೇ ಹೋಗಬಹುದು, ದೂರವಿಲ್ಲ.